ನನ್ನ ಕುತ್ತಿಗೆಗೆ ಇಬ್ಬರು ವಕೀಲರು

ಮನುಷ್ಯನಿಗೆ ಕುತ್ತಿಗೆ ಅಂತ ಒಂದಿದೆ ಎಂಬುದು ಅದು ನೋಯುವವರೆಗೂ ನೆನಪಾಗುವುದಿಲ್ಲ. ನೋಯತೊಡಗಿದ ಮೇಲೆ ಬೇರೇನೂ ನೆನಪಾಗುವುದಿಲ್ಲ. ನಾನು ಬ್ರಹ್ಮಾವರದ ಶಾಲೆಯೊಂದರಲ್ಲಿ ಚಿತ್ರಕಲೆ ಮೇಷ್ಟ್ರು. ನೋವು ಕುತ್ತಿಗೆಯಲ್ಲೇ ಇದ್ದಿದ್ದರೆ ಹೇಗೋ ಸಹಿಸುತ್ತಿದ್ದೆ. ಅದು ಬಲಗೈಗೆ ಇಳಿದು, ಹೆಬ್ಬೆರಳು ಜೋಮು ಹಿಡಿದು, ಸೀಮೆಸುಣ್ಣ ಜಾರತೊಡಗಿತು. ನಾನು ಬರೆದ ನವಿಲನ್ನು ಮಕ್ಕಳು ಕೋಳಿ ಎಂದ ದಿನ ನಿಜಕ್ಕೂ ಹೆದರಿದೆ. ಮಾತ್ರೆ, ವ್ಯಾಯಾಮ ಎಲ್ಲ ತಿಂಗಳುಗಟ್ಟಲೆ ಆದ ಮೇಲೆ ಡಾಕ್ಟರು, "ಡಿಸ್ಕು ನರವನ್ನು ಒತ್ತುತ್ತಿದೆ, ತೆಗೆಯಬೇಕು" ಎಂದರು. ತೆಗೆದ ಜಾಗದಲ್ಲಿ ಮೇಲಿನ ಕೆಳಗಿನ ಮೂಳೆಗಳನ್ನು ಬೆಸೆಯಬಹುದು, ಇಲ್ಲವೇ ಅಲುಗಾಡುವ ಕೃತಕ ಡಿಸ್ಕು ಕೂರಿಸಬಹುದು. ಸ್ಕ್ಯಾನ್ ಇನ್ನೊಮ್ಮೆ ನೋಡುತ್ತೇನೆ, ನೀವೂ ಯೋಚಿಸಿ ಎಂದು ಕಳಿಸಿದರು.

ಯೋಚಿಸುವ ಕೆಲಸವನ್ನು ನೆಂಟರು ವಹಿಸಿಕೊಂಡರು. ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಭಾವ, ಅಂದರೆ ನನ್ನ ಹೆಂಡತಿ ಸುಮತಿಯ ಅಣ್ಣ, ಹಿಂದೆಯೇ ಕುತ್ತಿಗೆಯ ಮೂಳೆ ಬೆಸೆಸಿಕೊಂಡವರು. ಶಿರೂರಿನಲ್ಲಿ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪ ಕೃತಕ ಡಿಸ್ಕು ಹಾಕಿಸಿಕೊಂಡವರು. ಇಬ್ಬರೂ ಒಂದೇ ಭಾನುವಾರ ಬಂದಿಳಿದರು.

"ಹ್ವಾಯ್ ಭಾವ, ಬೆಸ್ದ್ರೆ ಮತ್ತ್ ತಲೆಬಿಸಿ ಇಲ್ಲೆ. ದೋಣಿ ಹಲ್ಗಿ ಹಾಂಗೆ ಗಟ್ಟಿ ಆತ್ತ್," ಎಂದರು ಭಾವ.

"ಹಲ್ಗಿ ಹೊಡ್ಸುಕೆ ಇಂವ ಎಂತ ದೋಣಿಯಾ?" ಎಂದು ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ನನ್ ಕುತ್ಗಿ ಕಾಣ್, ಹ್ಯಾಂಗ್ ತಿರ್ಗತ್ತ್ ಅಂದೇಳಿ."

ಅವರು ಎಡಕ್ಕೆ ತಿರುಗಿಸಿದರೆ ಭಾವ ಬಲಕ್ಕೆ ತಿರುಗಿಸಿದರು. ಅವರು ಮೇಲೆ ನೋಡಿದರೆ ಇವರು ಮಾಡಿನ ಹೆಂಚನ್ನೇ ಎಣಿಸುವವರಂತೆ ನೋಡಿದರು. ಗೋಳಿಬಜೆ ತಂದ ಸುಮತಿ ತಟ್ಟೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತು, "ಎಂತಕ್ಕೆ ಜಗ್ಳ? ಇಬ್ರದ್ದೂ ಒಂದೇ ನಮೂನಿ ತಿರ್ಗತ್ತ್," ಎಂದಳು. ಇಬ್ಬರ ಮುಖವೂ ಸಪ್ಪಗಾಯಿತು. ಗೋಳಿಬಜೆ ಮಾತ್ರ ಉಳಿಯಲಿಲ್ಲ.

ನನಗೆ ಒಳಗೊಳಗೇ ಕೃತಕ ಡಿಸ್ಕಿನ ಆಸೆ. ಮೈಯೊಳಗೆ ಒಂದಾದರೂ ಹೊಸ ಸಾಮಾನು ಇರಲಿ ಎಂದು. ಆದರೆ ಡಾಕ್ಟರು, "ನಿಮ್ಮ ಆ ಭಾಗದ ಕೀಲುಗಳು ತುಂಬ ಸವೆದಿವೆ, ಕೃತಕ ಡಿಸ್ಕಿಗೆ ಅದು ಸರಿಯಾದ ಜಾಗವಲ್ಲ. ಬೆಸೆಯುವುದೇ ಒಳ್ಳೆಯದು" ಎಂದುಬಿಟ್ಟರು. ಭಾವ ಚುನಾವಣೆ ಗೆದ್ದವರಂತೆ ಲಾಡು ತಂದರು. ಚಿಕ್ಕಪ್ಪ ಫೋನಿನಲ್ಲಿ, "ಹೋಯ್ಲಿ ಬಿಡ್. ಹೊಸ ಸಾಮಾನ್ ಹಾಕುಕೆ ಕುತ್ಗಿಯೂ ಹೊಸ್ತ್ ಇರ್ಕ್," ಎಂದು ಸಮಾಧಾನ ಹೇಳಿದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಕುತ್ತಿಗೆಯ ಮುಂಭಾಗದಿಂದ ಕೊಯ್ದದ್ದರಿಂದ ಕೆಲವು ದಿನ ಗಂಟಲು ಕಟ್ಟಿ ನನಗೆ ಮಾತಾಡಲಾಗಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಸುಮತಿ ಹೇಳಬೇಕಾದ್ದನ್ನೆಲ್ಲ ಪೂರ್ತಿ ಹೇಳಿ ಮುಗಿಸಿದಳು. ನಿಧಾನವಾಗಿ ಬೆರಳಿಗೆ ಬಲ ಬಂತು. ಶಾಲೆಗೆ ಹೋಗಿ ಬೋರ್ಡಿನ ಮೇಲೆ ಆನೆ ಬರೆದೆ. ಯಾರೂ ಕೇಳದೆಯೇ ಮಕ್ಕಳು "ಆನೆ" ಎಂದರು. ನನಗೆ ಕಣ್ಣು ತುಂಬಿತು.

ಕಳೆದ ತಿಂಗಳು ಕೊಲ್ಲೂರಿನ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ, ಪಕ್ಕದ ಅಪರಿಚಿತರೊಬ್ಬರು ಕುತ್ತಿಗೆ ಓರೆ ಮಾಡಿ ಉಜ್ಜಿಕೊಳ್ಳುತ್ತಿದ್ದರು. ನನ್ನಿಂದ ತಡೆಯಲಾಗಲಿಲ್ಲ. ಬೆಸುಗೆ, ಕೃತಕ ಡಿಸ್ಕು, ಎರಡರ ಗುಣದೋಷ ಎಲ್ಲ ವಿವರಿಸಿ, ಅಂಗಿಯ ಗುಂಡಿ ಬಿಚ್ಚಿ ಗಾಯದ ಗೆರೆಯನ್ನೂ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿ, "ನಂದ್ ಅಷ್ಟೆಲ್ಲ ಇಲ್ಲೆ ಮಾರಾಯ್ರೆ. ಬಸ್ಸಗೆ ವಾರೆ ಮಲ್ಕಂಡ್ ಬಂದದ್ದ್. ನೀವ್ ಚೂರ್ ಆಚೆ ಕೂಕಣಿ, ಪಾಯ್ಸ ಬಡ್ಸುವರಿಗೆ ನನ್ನೆಲೆ ಕಾಣ್ತಿಲ್ಲೆ," ಎಂದರು.