ರಾಜಕುಮಾರ ಬರುವ ಮೊದಲೇ ಬೆಲ್ ಆಯಿತು

"ಸಣ್ಣ ಮಕ್ಕಳಿಗೆ ಒಂದು ಕಥೆ ಹೇಳ್ಲಿಕ್ಕೆ ತಯಾರಿ ಎಂತಕ್ಕೆ ಮಾರಾಯ್ತಿ?" ಎಂದು ನಾನು ಹೆಂಡತಿ ಸುಜಯಳನ್ನು ಕೇಳಿದ್ದೆ. ಬ್ಯಾಂಕ್ ಮ್ಯಾನೇಜರನಾಗಿ ಎಂತೆಂಥ ಸಿಡುಕು ಗಿರಾಕಿಗಳನ್ನು ಮಾತಿನಲ್ಲೇ ತಣ್ಣಗೆ ಮಾಡಿ ನಿವೃತ್ತನಾದವನು ನಾನು. ಮೂರನೇ ಕ್ಲಾಸಿನ ಮಕ್ಕಳು ಯಾವ ಲೆಕ್ಕ!

ಕರೆದದ್ದು ಉರ್ವದ ನಮ್ಮ ಮನೆಯ ಹತ್ತಿರದ ಕನ್ನಡ ಶಾಲೆಯ ಲಲಿತಾ ಟೀಚರ್. "ಈ ಮಕ್ಕಳ ಅಪ್ಪ ಅಮ್ಮನಿಗೆ ದುಡಿದು ಪುರುಸೊತ್ತಿಲ್ಲ ಸರ್. ಮನೆಯಲ್ಲಿ ಕಥೆ ಹೇಳುವವರೇ ಇಲ್ಲ. ಶನಿವಾರದ ಕೊನೆಯ ಪೀರಿಯಡ್ ಕಥೆಗೆ ಕೊಡಿ ಅಂತ ಹೆಡ್‌ಮಾಸ್ಟರಿಗೆ ದುಂಬಾಲು ಬಿದ್ದಿದ್ದೇನೆ. ಒಂದು ಸಲ ನೋಡುವ, ಸರಿಯಾಗದಿದ್ರೆ ಪುನಃ ಗಣಿತ ಅಂದಿದ್ದಾರೆ. ನೀವೇ ಕಾಪಾಡ್ಬೇಕು!"

ಕಾಪಾಡಲು ನಾನು ಟೊಂಕ ಕಟ್ಟಿದೆ. ಮಲತಾಯಿಯ ಕಾಟ, ಅರಮನೆಯ ಔತಣ, ಕೊನೆಗೆ ರಾಜಕುಮಾರ: ಲೋಕವೆಲ್ಲ ಬಲ್ಲ ಆ ಹಳೆಯ ಕಥೆಯನ್ನೇ ಆರಿಸಿಕೊಂಡೆ. ಕನ್ನಡಿಯ ಮುಂದೆ ನಿಂತು ಮಲತಾಯಿಯ ಸ್ವರದಲ್ಲಿ ಕಿರುಚಿ ಅಭ್ಯಾಸವನ್ನೂ ಮಾಡಿದೆ. ಪಕ್ಕದ ಫ್ಲ್ಯಾಟಿನವರು ಬಾಗಿಲು ತಟ್ಟಿ, "ಮನೆಯಲ್ಲಿ ಎಲ್ಲ ಸಮಾಧಾನ ಉಂಟಲ್ಲ?" ಎಂದು ಸುಜಯಳನ್ನು ವಿಚಾರಿಸಿ ಹೋದರು.

ಶನಿವಾರ ಬಂತು. ಹೆಡ್‌ಮಾಸ್ಟರು ಕೈಕಟ್ಟಿ ಹಿಂದಿನ ಬೆಂಚಿನಲ್ಲಿ ಕುಳಿತರು. ಲಲಿತಾ ಟೀಚರ್ ಬಾಗಿಲ ಬಳಿ ಸೆರಗಿನ ತುದಿ ಹಿಂಡುತ್ತ ನಿಂತರು. ನಾನು ಗಂಟಲು ಸರಿಪಡಿಸಿಕೊಂಡೆ.

"ಒಂದೂರಿನಲ್ಲಿ ಒಬ್ಬಳು ಹುಡುಗಿ. ಅವಳ ಅಮ್ಮ ತೀರಿಹೋದಳು. ಅಪ್ಪ ಇನ್ನೊಂದು ಮದುವೆಯಾದ. ಮಲತಾಯಿ ಬಂದವಳೇ ಹುಡುಗಿಯನ್ನು ಅಡುಗೆಕೋಣೆಗೆ ಅಟ್ಟಿದಳು!"

ಮಲತಾಯಿಯ ಕಿರುಚಾಟವೂ ಚೆನ್ನಾಗಿ ಬಂತು. ಆದರೆ ಮುಂದಿನ ಬೆಂಚಿನ ಪ್ರತೀಕ್ಷಾ ಕೈ ಎತ್ತಿದಳು.

"ಸರ್, ಅದು ಅಮ್ಮನ ಮನೆ ಅಲ್ವಾ? ಅಮ್ಮ ಸತ್ರೆ ಮನೆ ಆ ಹುಡುಗಿದು. ಅಪ್ಪ ಅವರ ಅಮ್ಮನ ಮನೆಗೆ ಹೋಗ್ಬೇಕು. ಮಲತಾಯಿ ಒಳಗೆ ಬಂದದ್ದು ಹೇಗೆ?"

ಅವಳು ಹೇಳಿದ್ದು ಸರಿಯೇ. ಅಳಿಯಸಂತಾನದ ನಮ್ಮ ತುಳು ಕುಟುಂಬಗಳಲ್ಲಿ ಮನೆತನ ಸಾಗುವುದು ತಾಯಿಯ ಕಡೆಯಿಂದ. ನಾನೂ ಅಂಥದ್ದೇ ಮನೆಯವನು. ನಮ್ಮ ಕುಟುಂಬದ ಮನೆಯ ಬೀಗದ ಕೈ ಇಂದಿಗೂ ನನ್ನ ಅಕ್ಕನ ಸೊಂಟದಲ್ಲಿದೆ. ಆದರೂ ಬಾಲ್ಯದಿಂದ ಈ ಕಥೆ ಕೇಳಿದ ನನ್ನ ಮಂಡೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ!

ಅಷ್ಟರಲ್ಲಿ ಕಿಟಕಿಯ ಬಳಿಯ ನಿಶಾಂತ ಎದ್ದ. "ಅವಳ ಮಾವ ಎಲ್ಲಿ ಸರ್? ಅಮ್ಮನ ಅಣ್ಣ. ನನ್ನ ಮಾವ ಆದ್ರೆ ಸುಮ್ಮನೆ ಬಿಡ್ಲಿಕ್ಕಿಲ್ಲ."

ಆಗ ಮಾಡಿದೆ ನೋಡಿ ಮಹಾ ಎಡವಟ್ಟು! "ಮಾವ ದುಬೈಯಲ್ಲಿದ್ದರು" ಎಂದುಬಿಟ್ಟೆ.

"ವೀಡಿಯೋ ಕಾಲ್ ಮಾಡ್ಬಹುದಿತ್ತಲ್ಲ?"

"ನೆಟ್‌ವರ್ಕ್ ಇರಲಿಲ್ಲ."

"ದುಬೈಯಲ್ಲಿ ನೆಟ್‌ವರ್ಕ್ ಇಲ್ವಾ?!" ಇಡೀ ಕ್ಲಾಸೇ ಹುಬ್ಬೇರಿಸಿತು.

ಅಲ್ಲಿಗೆ ಕಥೆ ನನ್ನ ಕೈತಪ್ಪಿತು. ಮಕ್ಕಳು ಮಾವನಿಗೆ ರಜೆ ಕೊಡಿಸಿದರು, ವಿಮಾನ ಹತ್ತಿಸಿದರು, ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಸಿ ರಿಕ್ಷಾದಲ್ಲಿ ಕರೆತಂದರು. "ಮಕ್ಕಳೇ, ಅರಮನೆ... ಔತಣ..." ಎಂದು ನಾನು ಅಂಗಲಾಚುತ್ತಿದ್ದೆ. ಕೇಳುವವರು ಯಾರು? ಮಲತಾಯಿಯನ್ನು ಏನು ಮಾಡುವುದೆಂದು ಗಂಭೀರ ಚರ್ಚೆ ನಡೆದಿತ್ತು. ಪೊಲೀಸರಿಗೆ ಕೊಡಬೇಕೆಂದು ಕೆಲವರು, ಕೋಣೆಯಲ್ಲಿ ಕೂಡಿಹಾಕಬೇಕೆಂದು ಉಳಿದವರು.

ಪ್ರತೀಕ್ಷಾ ಒಪ್ಪಲಿಲ್ಲ. "ಅವರಿಗೂ ಅಮ್ಮನ ಮನೆ ಉಂಟಲ್ಲ? ಅಲ್ಲಿಗೆ ಹೋಗ್ಲಿ. ಆದ್ರೆ ಮಧ್ಯಾಹ್ನ ಆಯ್ತು. ಊಟ ಮಾಡಿಯೇ ಹೋಗ್ಲಿ."

ಕ್ಲಾಸು ತಲೆಯಾಡಿಸಿತು. ಈ ಕಥೆಯನ್ನು ಎಷ್ಟು ಬಾಯಿಗಳು ಹೇಳಿಲ್ಲ! ಮಲತಾಯಿಗೆ ಊಟ ಹಾಕಿದವರನ್ನು ಮಾತ್ರ ನಾನು ಕಂಡಿರಲಿಲ್ಲ. ಮನೆಯಲ್ಲಿ ಒಂದು ಕಥೆಯನ್ನೂ ಕೇಳದ ಹುಡುಗಿ ಹಾಕಿದಳು. ನಿಜ ಹೇಳುತ್ತೇನೆ, ನನ್ನ ಕಣ್ಣು ಒದ್ದೆಯಾಯಿತು.

ಠಣ್ ಎಂದು ಬೆಲ್ಲಾಯಿತು. ರಾಜಕುಮಾರ ಇನ್ನೂ ಹುಟ್ಟಿಯೇ ಇರಲಿಲ್ಲ! ಟೀಚರ ಮುಖ ಬಾಡಿತ್ತು. ಪೀರಿಯಡ್ ಗಣಿತಕ್ಕೆ ಹೋಯಿತು, ಕಳೆದವನು ನಾನೇ ಎಂದು ತಲೆ ತಗ್ಗಿಸಿದೆ. ಆದರೆ ಮನೆಗೆ ಓಡಬೇಕಾದ ಮಕ್ಕಳು ಒಬ್ಬರೂ ಏಳಲಿಲ್ಲ. ಹೆಡ್‌ಮಾಸ್ಟರು ಮಾತ್ರ ಎದ್ದರು.

"ಟೀಚರ್, ಶನಿವಾರದ ಪೀರಿಯಡ್ ಇನ್ನು ಕಥೆಗೇ. ಬೆಲ್ಲಾದ್ರೂ ಕೂತ ಮಕ್ಕಳನ್ನು ನಾನು ಇವತ್ತೇ ನೋಡಿದ್ದು." ಟೀಚರ್ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನು ಎದೆಯುಬ್ಬಿಸಿ ನಿಂತೆ. ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. "ನೀವೂ ಬನ್ನಿ ಸರ್. ಕಥೆ ಮಕ್ಕಳು ಹೇಳ್ತಾರೆ."

ಮನೆಯಲ್ಲಿ ಸುಜಯ ಬಾಗಿಲಲ್ಲೇ ಕಾದಿದ್ದಳು. "ಎಂತಾಯ್ತು? ಪಾಸಾ?"

"ಪಾಸ್!" ಎಂದೆ. "ನನ್ನನ್ನು ಮೂರನೇ ಕ್ಲಾಸಿಗೆ ಸೇರಿಸಿಕೊಂಡಿದ್ದಾರೆ."