ಟವೆಲಿನಡಿ ಮೂರು ಪ್ರಿಆಂಪ್

ಕೈಯಾರೆ ಆಂಪ್ಲಿಫೈಯರ್ ಮಾಡುವ ಗಂಡಸಿರುವ ಮನೆಯಲ್ಲಿ ಇಂಥ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ನಡೆಯುವಾಗ ಅವನಿಗೆ ನಗು ಬರುವುದಿಲ್ಲ. ಮಿಕ್ಕವರೆಲ್ಲ ನಕ್ಕು ಮುಗಿಸಿ ಆರು ತಿಂಗಳಾದ ಮೇಲೆ ಅವನಿಗೂ ಅರ್ಥವಾಗುತ್ತದೆ. ನಾನು ಒಂದು ವಿಮಾನ ಕಾರ್ಖಾನೆಯ ಟೆಸ್ಟಿಂಗ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ರಿಟೈರ್ ಆದವನು. ಕೆಟ್ಟ ಯಂತ್ರದಲ್ಲಿ ದೋಷ ಎಲ್ಲಿದೆ ಎಂದು ಹುಡುಕಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸವಾಗಿತ್ತು. ಪೆನ್ಷನ್ ಬಂದರೂ ಆ ಜಂಬ ಇಳಿದಿರಲಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

೧. ದೋಷ ಎಲ್ಲಿದೆ?

ಜೀವನ್ ಬಿಮಾ ನಗರದ ನಮ್ಮ ಮನೆಯ ಹಾಲಿನಲ್ಲಿ ನಾನೇ ಮಾಡಿದ ಪವರ್ ಆಂಪ್ಲಿಫೈಯರ್ ಹತ್ತು ವರ್ಷದಿಂದ ಹಾಡುತ್ತಿದೆ. ಹೋದ ವರ್ಷ ಒಂದು ದಿನ ನನ್ನ ಹೆಂಡತಿ, "ರೀ, ಇತ್ತೀಚೆಗೆ ನಿಮ್ಮ ಡಬ್ಬದಲ್ಲಿ ಹಾಡೋರೆಲ್ಲ ಬಾಯಲ್ಲಿ ಎಲೆ ಅಡಿಕೆ ಇಟ್ಕೊಂಡು ಹಾಡ್ತಾರೆ. ಒಂದು ಮಾತೂ ಬಿಡಿಸಿ ಕೇಳ್ಸಲ್ಲ," ಅಂದಳು.

ಅವಳು ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷ ಮುಂದಿನ ಸಾಲಿನಲ್ಲಿ ಕೂತು ಹಾಡಿದವಳು. ಸಂಗೀತದ ವಿಷಯದಲ್ಲಿ ಅವಳ ಮಾತಿಗೆ ನಮ್ಮ ಮನೆಯಲ್ಲಿ ಅಪೀಲಿಲ್ಲ. ಆ ವರ್ಷ ಟಿವಿಯವರೂ ಗೊಣಗತೊಡಗಿದರು. ಟಿವಿಗೆ ಬೇರೆ ಸ್ಪೀಕರ್ ಕೂರಿಸಿದೆ. ಕುಕ್ಕರ್ ಕೂಗದೆಯೇ ಬೇಳೆ ಸೀದುಹೋಯಿತು. ಅದರ ಗ್ಯಾಸ್ಕೆಟ್ ಬದಲಿಸಿದೆ, ಸೀಟಿಯನ್ನೂ ಬದಲಿಸಿದೆ. ಕಾಲಿಂಗ್ ಬೆಲ್ ಸದ್ದು ಸಾಲದೆಂದು ಹೊಸದು ಹಾಕಿದೆ. ಅದನ್ನು ಒತ್ತಿದರೆ ಎದುರುಮನೆಯವರೂ ಬಾಗಿಲು ತೆಗೆಯುತ್ತಿದ್ದರು. ಅಷ್ಟರಲ್ಲಿ ಅವಳು ಭಜನೆಗೆ ಹೋಗುವುದನ್ನೇ ಬಿಟ್ಟಳು. "ಮೊಣಕಾಲು ನೋವು ರೀ, ಮೆಟ್ಟಿಲು ಹತ್ತಕ್ಕಾಗಲ್ಲ," ಅಂದಳು. ಎಣ್ಣೆ ತಂದುಕೊಟ್ಟೆ.

ಒಂದೇ ವರ್ಷದಲ್ಲಿ ಮನೆಯ ಸಾಮಾನೆಲ್ಲ ಒಟ್ಟಿಗೆ ಯಾಕೆ ಕೆಟ್ಟಿತು ಎಂದು ನಾನು ಕೇಳಿಕೊಳ್ಳಲಿಲ್ಲ. ದೋಷ ಇರಬಹುದಾದ ಜಾಗಗಳ ಪಟ್ಟಿ ಮಾಡಿದೆ. ವೈರು, ಸ್ಪೀಕರು, ಬೆಸುಗೆ ಎಲ್ಲ ಇತ್ತು. ಹೆಂಡತಿಯ ಕಿವಿ ಎನ್ನುವುದು ಆ ಪಟ್ಟಿಯಲ್ಲೇ ಇರಲಿಲ್ಲ. ಕೊನೆಗೆ ಗುಂಡಗಿನ ಅಕ್ಷರದಲ್ಲಿ ಬರೆದೆ: "ದೋಷ: ಪ್ರಿಆಂಪ್."

೨. ಗ್ಯಾರಂಟಿ

ಪವರ್ ಆಂಪ್ ಅಂದರೆ ಬಲವಿರುವ ಎತ್ತು. ಅದರ ಮುಂದೆ ಕೂತು, ಹಾಡಿನ ಸಣ್ಣ ಸಂಕೇತವನ್ನು ಹದ ಮಾಡಿ ಒಪ್ಪಿಸುವ ಪುಟ್ಟ ಡಬ್ಬಿಯೇ ಪ್ರಿಆಂಪ್, ಎತ್ತಿನ ಮೂಗುದಾರವಿದ್ದ ಹಾಗೆ. ಮೂರು ಥರದವು ಮಾಡಿ ಹೋಲಿಸಿ ನೋಡುವುದೆಂದು ತೀರ್ಮಾನಿಸಿದೆ. ಒಂದು ಹಳೆಯ ಕಾಲದ ರೇಡಿಯೋಗಳ ಗಾಜಿನ ವಾಲ್ವಿನದು, ಒಂದು ಟ್ರಾನ್ಸಿಸ್ಟರಿನದು, ಒಂದು ಈಗಿನ ಕಾಲದ ಐಸಿ ಚಿಪ್ಪಿನದು.

ವಾಲ್ವು ಹುಡುಕಿಕೊಂಡು ಶಿವಾಜಿನಗರದ ಗುಜರಿ ಸಾಲಿಗೆ ಹೋದೆ. ಅಲ್ಲಿ ಹಳೆ ರೇಡಿಯೋ ಸಾಮಾನು ಮಾರುವ ಬಿಳಿ ಗಡ್ಡದ ಸಾಹೇಬರೊಬ್ಬರು ಗೋಣಿಚೀಲದೊಳಗೆ ಕೈ ಹಾಕಿ, ಕೋಳಿಮೊಟ್ಟೆ ಎತ್ತುವ ಹಾಗೆ ಒಂದನ್ನು ಎತ್ತಿಕೊಟ್ಟರು.

"ಮಿಲಿಟ್ರಿ ಮಾಲ್ ಸಾಬ್. ಅಸ್ಲಿ."

"ಎಷ್ಟು ದಿನ ಬರುತ್ತೆ? ಗ್ಯಾರಂಟಿ ಏನಾದ್ರೂ ಇದೆಯಾ?"

ಅವರು ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದರು. "ಸಾಬ್‌ಗೆ ವಯಸ್ಸೆಷ್ಟು?"

"ಅರವತ್ತೆಂಟು."

"ನಿಮ್ಗೆ ಯಾರು ಕೊಟ್ಟವ್ರೆ ಸಾಬ್ ಗ್ಯಾರಂಟಿ?"

"ಎರಡು ಕೊಡಿ," ಅಂದೆ.

೩. ಹತ್ತಕ್ಕೆ ಹತ್ತು

ಪರೀಕ್ಷೆಯೆಂದರೆ ಪರೀಕ್ಷೆ. ಡಬ್ಬಿ ಕಣ್ಣಿಗೆ ಕಂಡರೆ ಕಿವಿ ಮೋಸ ಹೋಗುತ್ತದೆ. ಆದ್ದರಿಂದ ಮೂರನ್ನೂ ಟೀಪಾಯಿಯ ಮೇಲಿಟ್ಟು ಅವುಗಳ ಮೇಲೆ ಟವೆಲು ಹೊದಿಸಿದೆ. ಜೋರಾಗಿ ಕೂಗಿದ್ದೇ ಚೆನ್ನಾಗಿದೆ ಅನ್ನಿಸುವುದು ಲೋಕರೂಢಿ. ಅದಕ್ಕಾಗಿ ಮೀಟರ್ ಹಿಡಿದು ಮೂರರ ಸದ್ದನ್ನೂ ಸಮ ಮಾಡಿದೆ. ಹಾಡೂ ಒಂದೇ: ಒಬ್ಬ ಗಾಯಕಿಯ ತೋಡಿ ಆಲಾಪನೆಯ ಮೊದಲ ನಲವತ್ತು ಸೆಕೆಂಡು. ಅದಕ್ಕಿಂತ ಹೆಚ್ಚಾದರೆ ಹಿಂದಿನದು ಕಿವಿಗೆ ಮರೆತುಹೋಗುತ್ತದೆ. ಬದಲಾಯಿಸುವ ಸ್ವಿಚ್ಚು ನನ್ನ ಕೈಯಲ್ಲಿ. ಎದುರಿನ ಬೆತ್ತದ ಕುರ್ಚಿಯಲ್ಲಿ ಹೆಂಡತಿ.

ಮೂರನ್ನೂ ಕೇಳಿಸಿದೆ. ಅವಳು ಯೋಚನೆ ಮಾಡಿ, "ಒಂದನೇದು. ಅದರಲ್ಲಿ ತಂಬೂರಿ ಉಸಿರಾಡ್ತಿದೆ," ಅಂದಳು.

ಅದೇ ವಾಲ್ವಿನದು! ನನಗೂ ಅದೇ ಇಷ್ಟ. ಮುಂದಿನ ಭಾನುವಾರ ಡಬ್ಬಿಗಳನ್ನು ಅದಲುಬದಲು ಮಾಡಿದೆ. "ಮೂರನೇದು," ಅಂದಳು. ಮತ್ತೆ ವಾಲ್ವು. ಹತ್ತು ಭಾನುವಾರ ಹೀಗೇ ನಡೆಯಿತು, ಒಂದು ಸಲವೂ ಅವಳು ತಪ್ಪಲಿಲ್ಲ. "ಈಗ ಸ್ವರವೆಲ್ಲ ಬಿಡಿಸಿ ಕೇಳುತ್ತಾ?" ಅಂತ ಕೇಳಿದರೆ, "ಹ್ಞೂಂ, ಪರವಾಗಿಲ್ಲ," ಅನ್ನುತ್ತಿದ್ದಳು. ರಿಜಿಸ್ಟರಿನಲ್ಲಿ ಬರೆದೆ: "ಶ್ರವಣಶಕ್ತಿ ಅಸಾಧಾರಣ."

ಆ ಖುಷಿಗೆ ನಾನೇ ಕಾಫಿ ಮಾಡಲು ಹೋದೆ. ಪುಡಿ ಡಬ್ಬ ಎಲ್ಲಿದೆ ಎಂದು ಅಡುಗೆಮನೆಯಿಂದ ಮೂರು ಸಲ ಕೂಗಿದೆ. ಉತ್ತರವಿಲ್ಲ. ಪಾಪ, ಸಂಗೀತದಲ್ಲಿ ಮುಳುಗಿದ್ದಾಳೆ ಅಂದುಕೊಂಡೆ. ಹಾಡು ನಿಂತು ಆಗಲೇ ಹತ್ತು ನಿಮಿಷವಾಗಿತ್ತು.

೪. ಕೈಬೆವರು

ಕಾಕ್ಸ್ ಟೌನಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಕಾರ್ಖಾನೆಯಲ್ಲಿ ಪಕ್ಕದ ಮೇಜಿನವನು, ಈಗ ತನ್ನ ಬೀದಿಯ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಾನೆ. ವಾಲ್ವು ಗೆದ್ದ ಸುದ್ದಿ ಕೇಳಿ ಅವನಿಗೆ ತಡೆಯಲಾಗಲಿಲ್ಲ. ತಾನೇ ಮಾಡಿದ ಟ್ರಾನ್ಸಿಸ್ಟರ್ ಪ್ರಿಆಂಪನ್ನು ಬೇಕರಿಯ ಕೇಕ್ ಡಬ್ಬದಲ್ಲಿಟ್ಟುಕೊಂಡು ಬಂದ. ನನ್ನ ಟ್ರಾನ್ಸಿಸ್ಟರ್ ಡಬ್ಬಿಯನ್ನು ತೆಗೆಸಿ ಟವೆಲಿನಡಿ ಅದನ್ನಿಟ್ಟ.

"ನೋ ಬ್ರದರ್, ವಾಲ್ವ್ ಎಲ್ಲಾ ಸುಮ್ನೆ ಸೆಂಟಿಮೆಂಟು. ಸ್ವಿಚ್ ನನ್ ಕೈಗೆ ಕೊಡಿ. ಸಿಸ್ಟರ್, ಹಾನೆಸ್ಟಾಗಿ ಹೇಳ್ಬೇಕು."

ಅವನು ಎದುರು ಕೂತು ತಿರುಗಿಸಿದ. ನನ್ನ ಹೆಂಡತಿ ಅವನ ಡಬ್ಬಿಯನ್ನೇ ಆರಿಸಿದಳು. ನನ್ನ ಮನೆ, ನನ್ನ ಕಾಫಿ, ವೋಟು ಅವನಿಗೆ! ಸ್ವಿಚ್ಚು ಕಿತ್ತುಕೊಂಡು ನಾನು ತಿರುಗಿಸಿದೆ, ವಾಲ್ವು ಗೆದ್ದಿತು. ಅವನು ತಿರುಗಿಸಿದ, ಅವನದು ಗೆದ್ದಿತು. ಮಧ್ಯಾಹ್ನದವರೆಗೂ ಇದೇ ನಡೆಯಿತು. ಊಟದ ಹೊತ್ತಿಗೆ ಇಬ್ಬರೂ ಒಬ್ಬರಿಗೊಬ್ಬರು ಸಾರು ಬಡಿಸದಷ್ಟು ಮುನಿಸಿಕೊಂಡಿದ್ದೆವು.

ಇಬ್ಬರದೂ ಸೇರಿದರೆ ಅರವತ್ತೆಂಟು ವರ್ಷದ ಟೆಸ್ಟಿಂಗ್ ಅನುಭವ. ಊಟವಾದ ಮೇಲೆ ರಾಜಿಯಾಗಿ ಒಂದು ನಿರ್ಣಯಕ್ಕೆ ಬಂದು ಇಬ್ಬರೂ ಸಹಿ ಹಾಕಿದೆವು: "ಸ್ವಿಚ್ ತಿರುಗಿಸುವವರ ಕೈಬೆವರಿನಿಂದ ಧ್ವನಿಯಲ್ಲಿ ವ್ಯತ್ಯಾಸ."

೫. ಏರುವ ಮುಂಚೆ

ಕೆಳಗಿನ ರೂಮಿನಲ್ಲಿ ಕೊಪ್ಪಳದ ಕಡೆಯ ಗಂಡ ಹೆಂಡತಿ ಬಾಡಿಗೆಗಿದ್ದಾರೆ. ಗಂಡ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಅವಳು ಇಂದಿರಾನಗರದ ಆಫೀಸೊಂದರಲ್ಲಿ ಕಸ ಗುಡಿಸುತ್ತಾಳೆ. ಭಾನುವಾರ ಒಂದೇ ಅವಳಿಗೆ ರಜೆ. ಒಂದು ಭಾನುವಾರ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಮೇಲೆ ಬಂದಳು.

"ಅಪ್ಪಾರ, ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆಕಿ ಹಾಡು ಮುಂದಕ್ಕ ಹೋಗಂಗಿಲ್ಲೇನ್ರಿ?"

"ಯಾಕಮ್ಮ?"

"ಏನಿಲ್ರಿ, ಆಕಿ ಪಾಪ ಮ್ಯಾಲೆ ಏರಾಕ ಹತ್ತಿರ್ತಾಳ, ಅಷ್ಟ್ರಾಗ ನೀವು ಕಾಲು ಹಿಡದು ಕೆಳಗ ಜಗ್ತೀರಿ. ಮೂರು ತಿಂಗ್ಳಾತು. ಒಂದ್ ಸಲ ಮ್ಯಾಲೆ ಮುಟ್ಟಿಸಿಬಿಡ್ರಿ."

ಪರೀಕ್ಷೆ ಮುಗಿಯಲಿ, ಪೂರ್ತಿ ಕೇಳಿಸುತ್ತೇನೆ ಅಂದೆ. ಹೊರಟವಳು ಬಾಗಿಲಲ್ಲಿ ನಿಂತು ದನಿ ತಗ್ಗಿಸಿದಳು. "ಇನ್ನೊಂದ್ರಿ. ಅಮ್ಮಾರನ್ನ ಹಿಂದಿನಿಂದ ಕರದ್ರ ಓ ಅನ್ನಂಗಿಲ್ರಿ. ಮುಂದ್ ಬಂದು ನಿಂತ ಕರೀಬೇಕು. ಡಾಕ್ಟ್ರಿಗೊಮ್ಮೆ ತೋರಿಸ್ರಿ."

ನನಗೆ ನಗು ಬಂತು. ವಾಲ್ವಿಗೂ ಟ್ರಾನ್ಸಿಸ್ಟರಿಗೂ ಇರುವ ಕೂದಲೆಳೆಯ ವ್ಯತ್ಯಾಸ ಕಂಡುಹಿಡಿಯುವ ಕಿವಿಯನ್ನು ಡಾಕ್ಟರಿಗೆ ತೋರಿಸಬೇಕಂತೆ! ಹತ್ತಕ್ಕೆ ಹತ್ತು ಬರೆದಿದ್ದ ರಿಜಿಸ್ಟರನ್ನೇ ತೆಗೆದು ಅವಳ ಮುಂದೆ ಹಿಡಿದೆ. "ನನಗ ಓದಾಕ ಬರಂಗಿಲ್ರಿ," ಅಂದು ಅವಳು ಇಳಿದುಹೋದಳು.

೬. ಹಲ್ಲು

ಒಂದು ಶನಿವಾರ ನಾನು ದವಡೆಹಲ್ಲು ಕೀಳಿಸಿಕೊಂಡೆ. ಮಾರನೆಯ ದಿನ ಕೆನ್ನೆ ಕಡುಬಿನ ಹಾಗೆ ಊದಿಕೊಂಡಿತ್ತು. ಆದರೂ ಭಾನುವಾರದ ಪರೀಕ್ಷೆ ತಪ್ಪಬಾರದಲ್ಲ. ಟವೆಲು ಹೊದಿಸಿ ಸ್ವಿಚ್ಚು ಹಿಡಿದು ಕೂತೆ.

ಮೊದಲನೆಯದು ಕೇಳಿಸಿದೆ. "ಥೂ, ಚೆನ್ನಾಗಿಲ್ಲ," ಅಂದಳು.

ಎರಡನೆಯದು. "ಇದಿನ್ನೂ ಕಷ್ಟ."

ಮೂರನೆಯದು ಹಾಡುತ್ತಿರುವಾಗ ಹಲ್ಲಿನ ಜಾಗದಿಂದ ನೆತ್ತಿಯವರೆಗೆ ಒಂದು ಸೆಳಕು ಹೊಡೆಯಿತು. "ಆಫ್ ಮಾಡ್ರೀ, ಪಾಪ!" ಎಂದು ಅವಳು ಎದ್ದೇಬಿಟ್ಟಳು.

ಮೂರೂ ಒಟ್ಟಿಗೆ ಕೆಟ್ಟವೇ? ಸ್ಕ್ರೂಡ್ರೈವರ್ ತಂದು ಮೂರರ ಮುಚ್ಚಳವನ್ನೂ ಬಿಚ್ಚಿ, ಬೆಸುಗೆ ಕಡ್ಡಿ ಕಾಯಲು ಇಟ್ಟೆ. ಪಾತ್ರೆ ವಾಪಸು ಕೊಡಲು ಬಂದ ಕೆಳಗಿನ ಮನೆಯಾಕೆ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಪ್ಪಾರ, ಡಬ್ಬಿ ಯಾಕ ಬಿಚ್ತೀರಿ? ಅಮ್ಮಾರು ನಿಮ್ಮ ಮಕ ನೋಡಿ ಹೇಳಾಕತ್ತಾರ್ರಿ. ಇವತ್ತು ನಿಮ್ಮ ಮಕ ಕೆಟ್ಟೈತಿ."

ಡಬ್ಬಿಗಳಿಗೆ ಟವೆಲು ಹೊದಿಸಿದ್ದ ನಾನು ನನ್ನ ಮುಖವನ್ನು ಹಾಗೇ ಬಿಟ್ಟಿದ್ದೆ! ಮುಚ್ಚಳ ಹಾಕಿ, ಸ್ವಿಚ್ಚು ಹಿಡಿದು ಗೋಡೆಯ ಕಡೆ ತಿರುಗಿ ಕೂತೆ. ಒಂದನೆಯದು ಹಾಡಿಸಿದೆ, ಎರಡನೆಯದು ಹಾಡಿಸಿದೆ. "ಹೇಳು, ಯಾವುದು?" ಅಂದೆ. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದೆ. ಬರಲಿಲ್ಲ. ನಾನು ಪ್ರಶ್ನೆ ಕೇಳಿದ್ದೂ ಅವಳಿಗೆ ಕೇಳಿಸಿರಲಿಲ್ಲ.

ತಿರುಗಿ ನೋಡಿದರೆ ಅವಳು ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಾ ಕೂತಿದ್ದಳು. ನನಗೆ ಹಲ್ಲುನೋವು ಮರೆತೇ ಹೋಯಿತು. ಎದುರು ಹೋಗಿ ಕೂತು ಕೇಳಿದೆ. "ಕಿವಿ ಕೇಳ್ತಿಲ್ಲ ಅಂತ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ ರೀ, ಹಾಡು ಸರಿಯಾಗಿ ಕೇಳ್ತಿಲ್ಲ ಅಂತ. ನೀವು ಪ್ರಿಆಂಪ್ ಮಾಡಿದ್ರಿ."

ಅವಳು ಮುಂದುವರಿಸಿದಳು. "ಭಜನೇಲಿ ಶ್ರುತಿ ಕೇಳ್ದೆ ನಾನೊಂದು ಕಡೆ, ಅವರೊಂದು ಕಡೆ ಹೋಗ್ಬಿಟ್ವಿ. ಎಲ್ಲರೂ ತಿರುಗಿ ನನ್ನೇ ನೋಡಿದ್ರು. ಮೊಣಕಾಲು ಚೆನ್ನಾಗೇ ಇದೆ ರೀ. ಇಲ್ಲಿ ನೀವು ಅಷ್ಟು ಆಸೆಯಿಂದ ನೋಡ್ತಾ ಕೂತಿರ್ತೀರಿ, ಇದೂ ಆಗ್ಲಿಲ್ಲ ಅಂತ ಹೇಗೆ ಹೇಳ್ಲಿ? ಹೇಳಿದ್ರೆ ನಾಲ್ಕನೇದು ಮಾಡಕ್ಕೆ ಕೂರ್ತಿದ್ರಿ."

ನಿಜ ಹೇಳಬೇಕೆಂದರೆ, ನಾಲ್ಕನೆಯದಕ್ಕೆ ಆಗಲೇ ಸಾಮಾನು ತಂದಿಟ್ಟಿದ್ದೆ.

೭. ಸ್ಟೂಲು

ಕಿವಿ ಡಾಕ್ಟರ ಹತ್ತಿರ ಗಾಜಿನ ಒಂದು ಗೂಡಿದೆ. ಹೆಡ್‌ಫೋನ್ ಹಾಕಿ ಕೂರಿಸುತ್ತಾರೆ, ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ನನ್ನ ಹೆಂಡತಿ ಒಳಗೆ ಹೋಗಿ ಕೂತವಳೇ ಗಾಜಿನಾಚೆ ಯಂತ್ರದ ಮುಂದಿದ್ದ ಹುಡುಗಿಯ ಮುಖ ನೋಡತೊಡಗಿದಳು. ಹುಡುಗಿ ಎದ್ದು ಬಂದು, "ಅಮ್ಮ, ನೀವು ಆ ಕಡೆ ತಿರುಗಿ ಕೂತ್ಕೊಳ್ಳಿ," ಎಂದು ಸ್ಟೂಲನ್ನು ಗೋಡೆಗೆ ತಿರುಗಿಸಿದಳು.

ಅಷ್ಟೇ. ಮೂವತ್ತನಾಲ್ಕು ವರ್ಷದ ಟೆಸ್ಟಿಂಗ್ ಅನುಭವದಲ್ಲಿ ನನಗೆ ಕಡಿಮೆ ಬಿದ್ದಿದ್ದು ತಿರುಗುವ ಒಂದು ಸ್ಟೂಲು.

೮. ಕೀಂ

ಎರಡು ಕಿವಿಗೂ ಯಂತ್ರ ಬಂತು. ಮೊದಲ ಎರಡು ವಾರ ಅವಳು ಮನೆಯಲ್ಲಿ ಬೆಚ್ಚಿಬೀಳುತ್ತಲೇ ಇದ್ದಳು. ಕುಕ್ಕರ್ ಸೀಟಿಯನ್ನೂ ಕಾಲಿಂಗ್ ಬೆಲ್ಲನ್ನೂ ಹಳೆಯದಕ್ಕೆ ಬದಲಿಸಿದೆ. ಮೂರನೆಯ ಭಾನುವಾರ ಕೊನೆಯ ಪರೀಕ್ಷೆ. ಗೆಳೆಯ ಕೇಕ್ ಡಬ್ಬದೊಂದಿಗೆ ಬಂದ. ಹಾಡು ಮೇಲೆ ಮುಟ್ಟುತ್ತದೋ ಇಲ್ಲವೋ ನೋಡಲು ಕೆಳಗಿನ ಮನೆಯಾಕೆಯೂ ಬಂದಳು. ಗೆಳೆಯನೂ ನಾನೂ ಶಿಸ್ತಾಗಿ ಗೋಡೆಗೆ ಮುಖ ಮಾಡಿ ಕೂತೆವು. ನಮ್ಮ ವಾಲ್ವು, ಟ್ರಾನ್ಸಿಸ್ಟರು, ಐಸಿಗಳ ಹಣೆಬರಹ ಅಂದು ತೀರ್ಮಾನವಾಗಬೇಕಿತ್ತು.

ಮೂರೂ ಹಾಡಿ ಮುಗಿಯಿತು. ಹಿಂದಿನಿಂದ ಹೆಂಡತಿಯ ದನಿ ಬಂತು. "ಮೂರೂ ಒಂದೇ ಥರ ಇದೆಯಲ್ರೀ!"

ಗೆಳೆಯ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ.

"ಮೂರರಲ್ಲೂ ಸಣ್ಣಗೆ ಕೀಂ ಅಂತ ಸೊಳ್ಳೆ ಥರ ಬರ್ತಿದೆಯಲ್ಲ, ಅದೇನು?"

"ಯಾವ ಕೀಂ?" ಅಂದೆ ನಾನು. "ವಾಟ್ ಕೀಂ, ಸಿಸ್ಟರ್?" ಅಂದ ಅವನು. ಇಬ್ಬರೂ ಸ್ಪೀಕರಿಗೆ ಕಿವಿಯಿಟ್ಟು ಬಗ್ಗಿದೆವು. ನಮಗೇನೂ ಕೇಳಲಿಲ್ಲ.

"ಐತಲ್ರಿ," ಅಂದಳು ಕೆಳಗಿನ ಮನೆಯಾಕೆ. "ಮೊದ್ಲಿಂದಾನೂ ಐತಿ, ನಮ್ಮ ರೂಮಿಗೂ ಕೇಳಸ್ತೈತಿ. ಅದೂ ಹಾಡಿನಾಗಿಂದ ಅಂತ ನಾ ತಿಳದಿದ್ದೆ."

ಮೂರಕ್ಕೂ ಕರೆಂಟು ಕೊಡುವ ಡಬ್ಬಿಯನ್ನು ನಾನೇ ಮಾಡಿದ್ದು. ದೋಷ ಅಲ್ಲಿತ್ತು. ಮುಂದಿನ ಮಂಗಳವಾರ ಗೆಳೆಯನೂ ನಾನೂ ಅದೇ ಗಾಜಿನ ಗೂಡಿನಲ್ಲಿ, ಅದೇ ಸ್ಟೂಲಿನ ಮೇಲೆ, ಸರದಿಯಂತೆ ಗೋಡೆ ನೋಡುತ್ತಾ ಕೂರುವುದೆಂದು ನನ್ನ ಹೆಂಡತಿ ಅಲ್ಲೇ ಫೋನು ಮಾಡಿ ಗೊತ್ತುಮಾಡಿದಳು. ಆ ಕಡೆಯವರು ಹೇಳಿದ್ದೆಲ್ಲ ಅವಳಿಗೆ ಒಂದೇ ಸಲಕ್ಕೆ ಕೇಳಿಸಿತು.

ಫೋನಿಟ್ಟು, ಕೆಳಗಿನ ಮನೆಯಾಕೆಯ ಕಡೆ ಕೈ ತೋರಿಸಿ, "ಈಗ ಹಾಡು ಹಾಕಿ, ಇವಳು ಕಾಯ್ತಿದ್ದಾಳೆ," ಅಂದಳು. ಹಾಕಿದೆ. ನಲವತ್ತನೆಯ ಸೆಕೆಂಡಿಗೆ ಅಭ್ಯಾಸಬಲದಿಂದ ನನ್ನ ಕೈ ಸ್ವಿಚ್ಚಿಗೆ ಹೋಯಿತು. ಹೆಂಡತಿ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು. ಗಾಯಕಿ ಒಂದೊಂದೇ ಸ್ವರ ಹತ್ತಿ ಮೇಲಿನ ಷಡ್ಜ ಮುಟ್ಟಿ ನಿಂತಳು. ನನ್ನ ಹೆಂಡತಿಯೂ ಸಣ್ಣ ದನಿಯಲ್ಲಿ ಅವಳ ಜೊತೆ ಅಲ್ಲಿಗೆ ಹೋಗಿ ನಿಂತಳು. ಶ್ರುತಿ ಕೂದಲಷ್ಟೂ ತಪ್ಪಿರಲಿಲ್ಲ. ಆ ವರ್ಷದಲ್ಲಿ ಮೊದಲ ಸಲ ಅವಳು ಕಣ್ಣು ಮುಚ್ಚಿಕೊಂಡು ಹಾಡು ಕೇಳುತ್ತಿದ್ದಳು. ನನ್ನ ಮುಖ ಅವಳಿಗೆ ಬೇಕಿರಲಿಲ್ಲ. ಅದು ಒಳ್ಳೆಯದೇ ಆಯಿತು, ಯಾಕೆಂದರೆ ನಾನು ಅಳುತ್ತಿದ್ದೆ.

ಕೆಳಗಿನ ಮನೆಯಾಕೆ ನನ್ನನ್ನೇ ನೋಡುತ್ತಿದ್ದಳು. ಹಾಡು ಮುಗಿದ ಮೇಲೆ ಎದ್ದು ಸೆರಗು ಸರಿಮಾಡಿಕೊಂಡಳು. "ಅಪ್ಪಾರ, ಇವತ್ತು ನಿಮ್ಮ ಮಕ ನೋಡಿ ಯಾವ್ ಡಬ್ಬಿ ಚಲೋ ಐತಿ ಅಂತ ದೇವ್ರಿಗೂ ಹೇಳಾಕ ಬರಂಗಿಲ್ಲ ಬಿಡ್ರಿ," ಅಂದಳು.