ಬಾಯಮ್ಮನ ಮೇಲಿನ ಸ್ವರ

ಹಾಡುವವರ ಪಕ್ಕದಲ್ಲಿ ಕೀಬೋರ್ಡ್ ಇಟ್ಟುಕೊಂಡು ಕೂತವನ ಪಾಡು ಯಾರಿಗೂ ಬೇಡ. ಚಪ್ಪಾಳೆ ಅವರಿಗೆ, ಫಜೀತಿ ನಮಗೆ. ನಾನು ವಾರವಿಡೀ ಕುವೈತಿನ ಒಂದು ಟ್ರೇಡಿಂಗ್ ಕಂಪನಿಯ ಗುಮಾಸ್ತ, ರಜೆಯ ಶುಕ್ರವಾರ ಮಾತ್ರ ಸಂಗೀತಗಾರ. ಇಲ್ಲಿನ ಸಾಲ್ಮಿಯಾ ಬಡಾವಣೆಯ ಬಾಯಮ್ಮನಿಗೆ ಕೀಬೋರ್ಡ್ ಬಾರಿಸಲು ಒಪ್ಪಿಕೊಂಡ ಮೇಲಂತೂ ಇಂಥ ಸಂಗತಿಗಳಿಗೆ ಬರವೇ ಇಲ್ಲ.

ನಮ್ಮ ಮಂಗಳೂರು ಕಡೆ ಹಿರಿಯ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೇ ಕರೆಯುವುದು. ಇವರು ಎಪ್ಪತ್ತರ ಹತ್ತಿರದವರು, ನಿವೃತ್ತ ಸಂಗೀತ ಟೀಚರ್. ಹುಡುಗಿಯಾಗಿದ್ದಾಗ ಊರಿನಲ್ಲಿ ಒಬ್ಬರು ಇಟಲಿಯ ಪಾದ್ರಿಗಳಿಂದ ಒಪೆರಾ ಹಾಡು ಕಲಿತವರು. ಪ್ರತಿವರ್ಷ ಇಲ್ಲಿನ ನಮ್ಮ ಊರವರ ಸಂಘದ ವಾರ್ಷಿಕೋತ್ಸವದಲ್ಲಿ ಅಂಥದೊಂದು ಹಾಡು ಹಾಡುತ್ತಾರೆ. ಕೊನೆಯಲ್ಲಿ ಒಂದು ಸ್ವರ ಎಷ್ಟು ಮೇಲೆ ಹೋಗುತ್ತದೆಂದರೆ, ಕೇಳುವ ನಮಗೇ ಎದೆ ಡವಡವ.

ಮಾತು ಬಿಟ್ಟ ದಿನ

ಕಾರ್ಯಕ್ರಮದ ಹಿಂದಿನ ದಿನ ಬಾಯಮ್ಮ ಒಂದೇ ಒಂದು ಮಾತಾಡುವುದಿಲ್ಲ. ಗಂಟಲಿಗೆ ರಜೆ. ಎಲ್ಲವೂ ಕೈಸನ್ನೆಯಲ್ಲೇ. ಅವರ ಬಿಲ್ಡಿಂಗಿನ ವಾಚ್‌ಮನ್‌ಗೆ ಇದು ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಗಂಡ ಮಾತಾಡಿಸುವುದು, ಹೆಂಡತಿ ಬಾಯಿ ಬಿಗಿದು ಕೈಯಾಡಿಸುವುದು ನೋಡಿ, ಪಾಪ, ಇಬ್ಬರಿಗೂ ಜಗಳ ಎಂದುಕೊಂಡ. ಸಂಜೆ ಯಜಮಾನರನ್ನು ಕೆಳಗೆ ಹಿಡಿದು ನಿಲ್ಲಿಸಿ, ಈ ವಯಸ್ಸಿನಲ್ಲಿ ಮುನಿಸು ಒಳ್ಳೆಯದಲ್ಲ, ನಾನೇ ಬಂದು ರಾಜಿ ಮಾಡಿಸುತ್ತೇನೆ ಎಂದ.

ಯಜಮಾನರು ಅವನಿಗೆ ಕೈಮುಗಿದರು. ವರ್ಷಕ್ಕೊಮ್ಮೆ ಸಿಗುವ ದಿನ ಭಾಯಿ, ದಯವಿಟ್ಟು ಹಾಳು ಮಾಡಬೇಡ ಎಂದರಂತೆ.

ಹೊಟ್ಟೆಯ ಮೇಲೆ ಕುಚ್ಚಲಕ್ಕಿ

ಇಷ್ಟು ಉದ್ದ ಉಸಿರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ಬಾಯ್ತಪ್ಪಿ ಕೇಳಿದೆ. ಬಾಯಮ್ಮ ನನ್ನನ್ನು ಕಾರ್ಪೆಟ್ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಕುಚ್ಚಲಕ್ಕಿಯ ಚೀಲ ಇಟ್ಟರು. ಉಸಿರೆಳೆದು ಚೀಲ ಎತ್ತಬೇಕು, ಆಮೇಲೆ ಹಾಡುತ್ತಾ ನಿಧಾನಕ್ಕೆ ಇಳಿಸಬೇಕು. ಹಾಡುವುದು ಗಂಟಲಿನಿಂದಲ್ಲ, ಹೊಟ್ಟೆಯಿಂದ ಎಂಬುದು ಅವರ ಪಾಠ. ಅಷ್ಟರಲ್ಲಿ ಎಸಿ ರಿಪೇರಿಯವನು ಬಂದ. ನನ್ನನ್ನು ಕಂಡವನೇ ಆಂಬುಲೆನ್ಸಿಗೆ ಫೋನ್ ಮಾಡಿದ್ದೀರಾ ಎಂದು ಮೆಲ್ಲಗೆ ಕೇಳಿದ.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳಿಗೆ ನನ್ನ ಉಸಿರಿನ ಚಿಂತೆಯೇ ಇಲ್ಲ. ಆ ಹೊಟ್ಟೆಯ ಮೇಲೆ ಚೀಲ ಜಾರದೆ ಹೇಗೆ ನಿಂತಿತು ಎಂದು ಕೇಳಿದಳು.

ಗಂಟಲು ಡಾಕ್ಟರು

ಧೂಳು ಗಾಳಿ ಎದ್ದ ವಾರ ಬಾಯಮ್ಮನಿಗೆ ಕೆಮ್ಮು. ಗಂಟಲು ನೋಡಿದ ಡಾಕ್ಟರು ಬೆರಗಾದರು. ಈ ವಯಸ್ಸಿನಲ್ಲಿ ಇಷ್ಟು ಚೆನ್ನಾಗಿ ಹೇಗೆ ಉಳಿಸಿಕೊಂಡಿರಿ ಎಂದರು. ಬಾಯಮ್ಮ, ನಾನು ಜನ್ಮದಲ್ಲಿ ಕಿರುಚಿಲ್ಲ, ಮಕ್ಕಳನ್ನು ಬೈಯುವ ಕೆಲಸವನ್ನೆಲ್ಲ ಇವರಿಗೆ ಬಿಟ್ಟಿದ್ದೆ ಎಂದು ಪಕ್ಕದಲ್ಲಿದ್ದ ಗಂಡನನ್ನು ತೋರಿಸಿದರು. ಹೌದು ಎನ್ನಲು ಯಜಮಾನರು ಬಾಯಿ ತೆರೆದರು, ಬರೀ ಗೊರಗೊರ.

ಔಷಧಿ ಬರೆದುಕೊಟ್ಟದ್ದು ಯಜಮಾನರಿಗೆ.

ಒಂದು ಇಳಿಸಿ, ಒಂದು ಏರಿಸು

ಈ ವರ್ಷ ಸಂಘದಲ್ಲಿ ಗುಸುಗುಸು ಎದ್ದಿತು. ಬಾಯಮ್ಮನಿಗೆ ವಯಸ್ಸಾಯಿತು, ಆ ಮೇಲಿನ ಸ್ವರ ಸ್ಟೇಜಿನಲ್ಲಿ ಒಡೆದರೆ ಏನು ಗತಿ ಎಂದು. ಅದು ಕಿವಿಗೆ ಬಿದ್ದದ್ದೇ ಬಾಯಮ್ಮ ಮೀಟಿಂಗಿಗೇ ಬಂದು, ಸ್ವರ ಒಡೆದರೆ ಅಲ್ಲಿಗೆ ಖಲಾಸ್, ಮತ್ತೆ ಹಾಡುವುದಿಲ್ಲ ಎಂದು ಎಲ್ಲರೆದುರು ಹೇಳಿ ಹೋದರು. ನನಗೆ ಸಂಕಟವಾಯಿತು. ಹಾಡು ಬಿಟ್ಟು ಆ ಹೆಂಗಸು ಬದುಕುವುದನ್ನು ನನಗೆ ಊಹಿಸಲೂ ಆಗಲಿಲ್ಲ.

ಕಾರ್ಯಕ್ರಮದ ದಿನ ಸಂಘದ ಅಧ್ಯಕ್ಷರು ನನ್ನನ್ನು ಮೂಲೆಗೆ ಕರೆದರು. ಕೀಬೋರ್ಡಿನಲ್ಲಿ ಒಂದು ಬಟನ್ ಇರುತ್ತದೆ. ಒತ್ತಿದರೆ ಇಡೀ ಹಾಡು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ, ಇಲ್ಲವೇ ಮೇಲೇರುತ್ತದೆ. ಅದನ್ನು ಒತ್ತಿ ಒಂದು ಇಳಿಸಿಬಿಡಿ, ಬಾಯಮ್ಮನಿಗೆ ಸುಲಭವಾಗುತ್ತದೆ, ಆದರೆ ಹೇಳಬೇಡಿ ಎಂದರು. ಆಗಲಿ ಎಂದೆ. ವೀಸಾ ಕೊಟ್ಟ ಅರಬ್ ಧಣಿ ಕಫೀಲನ ಕೈಕೆಳಗೆ ದುಡಿದು ದುಡಿದು ಇಲ್ಲ ಎನ್ನುವುದೇ ನನಗೆ ಮರೆತುಹೋಗಿದೆ. ಅವರು ಅತ್ತ ಹೋದರು, ಇತ್ತ ಬಾಯಮ್ಮ ಬಂದರು. ಗಂಟಲು ಇವತ್ತು ಭಾರೀ ಚೆನ್ನಾಗಿದೆ, ಒಂದು ಏರಿಸು, ಅಧ್ಯಕ್ಷರಿಗೆ ಹೇಳಬೇಡ ಎಂದರು. ಅದಕ್ಕೂ ಆಗಲಿ ಎಂದೆ.

ಕೂತು ಯೋಚಿಸಿದೆ. ಒಂದು ಇಳಿಸಿ ಒಂದು ಏರಿಸಿದರೆ ಇದ್ದಲ್ಲಿಗೇ ಬಂತು. ಬಟನ್ ಮುಟ್ಟಲೇ ಇಲ್ಲ.

ಬಾಯಮ್ಮ ಹಾಡಿದರು. ಆ ಸ್ವರ ಬಂತು, ಒಂದು ಬಿರುಕೂ ಇಲ್ಲದೆ ನಿಂತಿತು. ನನ್ನ ಕಣ್ಣು ತುಂಬಿ ಕೀಬೋರ್ಡೇ ಕಾಣಲಿಲ್ಲ. ಇಡೀ ಸಭೆಯೇ ಎದ್ದು ನಿಂತಿತು. ಇಳಿಸಿದ್ದಕ್ಕೆ ಬಚಾವಾದೆವು ಎಂದು ಅಧ್ಯಕ್ಷರು ನನ್ನ ಕೈ ಹಿಸುಕಿದರು. ನಾನು ಹೌದೆಂದು ತಲೆಯಾಡಿಸಿದೆ.

ಬಾಯಮ್ಮನ ಹತ್ತಿರ ಮಾತ್ರ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ನಾನು ಏರಿಸಲಿಲ್ಲ ಎಂದು ಒಪ್ಪಿಕೊಂಡೆ.

"ಗೊತ್ತುಂಟು ಮಾರಾಯ," ಎಂದರು. "ಅವರು ನಿನ್ನನ್ನು ಮೂಲೆಗೆ ಕರೆದದ್ದು ಕಂಡಿತು. ಎಂತ ಹೇಳಿರಬಹುದು ಅಂತ ನನಗೆ ಗೊತ್ತಾಗುದಿಲ್ವಾ? ಇದ್ದ ಹಾಗೆ ಬಾರಿಸು ಅಂತ ನಾನು ಹೇಳಿದ್ರೆ ನೀನು ಅವರ ಮಾತಿಗೆ ಒಂದು ಇಳಿಸ್ತಿದ್ದೆ. ಅದಕ್ಕೇ ಒಂದು ಏರಿಸ್ಲಿಕ್ಕೆ ಹೇಳಿದ್ದು."

ಅಕಸ್ಮಾತ್ ಅವರು ಎರಡು ಇಳಿಸಲು ಹೇಳಿದ್ದರೆ ಎಂದು ಕೇಳಿದೆ.

"ಎರಡು ಹೇಳುವಷ್ಟು ಧೈರ್ಯ ಇದ್ದಿದ್ರೆ," ಎಂದರು ಬಾಯಮ್ಮ, "ಅವರು ನನ್ನ ಹತ್ರವೇ ಬಂದು ಹೇಳ್ತಿದ್ರು."